ಓವೆನ್ ಕವಿತೆಯ ಕೊನೆಯ ನಾಲ್ಕು ಸಾಲು: ಕಾವ್ಯವೋ, ಭಾಷಣವೋ?

ಪ್ರಶ್ನೆ

ವಿಲ್ಫ್ರೆಡ್ ಓವೆನ್ 1917ರಲ್ಲಿ ಬರೆದ ‘ಡುಲ್ಸೆ ಎಟ್ ಡೆಕೋರಮ್ ಎಸ್ಟ್’ ಕವಿತೆಯ ವಸ್ತು ಮತ್ತು ಭಾಷೆಯನ್ನು ಕುರಿತು ಕನ್ನಡದಲ್ಲಿ ಒಂದು ಪ್ರಬಂಧ ಬರೆಯುತ್ತಿದ್ದೇನೆ. ಕವಿತೆಯಲ್ಲಿ ನಡೆಯುವುದಿಷ್ಟು: ಮೊದಲ ಮಹಾಯುದ್ಧದ ಪಶ್ಚಿಮ ರಣರಂಗದಲ್ಲಿ ದಣಿದ ಸೈನಿಕರ ತುಕಡಿಯೊಂದು ಕೆಸರು ತುಳಿಯುತ್ತ ವಿಶ್ರಾಂತಿಯ ನೆಲೆಯತ್ತ ಹಿಂದಿರುಗುತ್ತಿರುವಾಗ ವಿಷಾನಿಲದ ದಾಳಿಯಾಗುತ್ತದೆ; ಒಬ್ಬನಿಗೆ ಗ್ಯಾಸ್ ಮಾಸ್ಕ್ ತೊಡಲು ಸಮಯ ಸಾಲುವುದಿಲ್ಲ; ಅವನು ಸಾಯುವುದನ್ನು ನಿರೂಪಕ ಕಣ್ಣಾರೆ ನೋಡುತ್ತಾನೆ, ಆಮೇಲೆ ಕನಸಿನಲ್ಲಿ ಮತ್ತೆ ಮತ್ತೆ ನೋಡುತ್ತಾನೆ. ಕೊನೆಗೆ ‘ದೇಶಕ್ಕಾಗಿ ಸಾಯುವುದು ಸಿಹಿಯಾದದ್ದು, ತಕ್ಕದ್ದು’ ಎಂಬ ಲ್ಯಾಟಿನ್ ಮಾತನ್ನು ‘ಹಳೆಯ ಸುಳ್ಳು’ ಎಂದು ಕರೆಯುತ್ತಾನೆ.

ನನ್ನ ಕರಡಿನಲ್ಲಿ ಉಪಮೆಗಳನ್ನೆಲ್ಲ ಹೆಕ್ಕಿ, ಪ್ರಾಸವಿನ್ಯಾಸವನ್ನು ಗುರುತಿಸಿ, ಕೊನೆಯಲ್ಲಿ ‘ಹೀಗೆ ಕವಿ ಯುದ್ಧದ ಭೀಕರತೆಯನ್ನು ಪರಿಣಾಮಕಾರಿಯಾಗಿ ಚಿತ್ರಿಸಿದ್ದಾನೆ’ ಎಂದು ಬರೆದಿದ್ದೆ. ಮಾರ್ಗದರ್ಶಕರು ಆ ವಾಕ್ಯದ ಕೆಳಗೆ ಗೆರೆ ಎಳೆದು, ‘ಇದು ಅಲಂಕಾರಗಳ ಪಟ್ಟಿ, ವಿಶ್ಲೇಷಣೆ ಎಲ್ಲಿ?’ ಎಂದು ಅಂಚಿನಲ್ಲಿ ಬರೆದು ಹಿಂದಿರುಗಿಸಿದರು. ಅಲ್ಲಿಂದ ಮುಂದೆ ಹೇಗೆ ಹೋಗಬೇಕೆಂದು ತೋಚುತ್ತಿಲ್ಲ. ನನ್ನನ್ನು ಮುಖ್ಯವಾಗಿ ಕಾಡುತ್ತಿರುವುದು ಕೊನೆಯ ನಾಲ್ಕು ಸಾಲು. ಅಲ್ಲಿಯವರೆಗೆ ತೋರಿಸುತ್ತ ಬಂದ ಕವಿ ಅಲ್ಲಿ ಇದ್ದಕ್ಕಿದ್ದಂತೆ ವೇದಿಕೆ ಹತ್ತಿ ಮಾತನಾಡುತ್ತಾನೆ ಎನಿಸುತ್ತದೆ. ಇದು ದೋಷವೆಂದು ಬರೆಯಬಹುದೇ? 14 ಮತ್ತು 16ನೆಯ ಸಾಲುಗಳ ಕೊನೆಯಲ್ಲಿ ಒಂದೇ ಪದ, ‘ಡ್ರೌನಿಂಗ್’ (ಮುಳುಗುತ್ತಿರುವುದು), ಎರಡು ಸಲ ಬಂದಿದೆ. ಇಷ್ಟು ನುರಿತ ಕವಿಗೆ ಇನ್ನೊಂದು ಪ್ರಾಸಪದ ಸಿಗಲಿಲ್ಲವೇ? ಜೊತೆಗೆ ಒಂದು ಚಿಕ್ಕ ಸಂದೇಹ: ಆ ಸೈನಿಕ ‘ಬೆಂಕಿಯಲ್ಲಿ ಅಥವಾ ಲೈಮ್‌ನಲ್ಲಿ’ ಬಿದ್ದವನಂತೆ ಒದ್ದಾಡುತ್ತಾನೆ ಎಂಬಲ್ಲಿ ನಿಂಬೆಯ ಹುಳಿ ಏಕೆ ಬಂತು ಎಂಬುದು ನನಗೆ ಅರ್ಥವಾಗಲಿಲ್ಲ.

ಮೊದಲ ಉತ್ತರ

ಕೊನೆಯ ನಾಲ್ಕು ಸಾಲನ್ನು ಅವಕ್ಕಿಂತ ಸ್ವಲ್ಪ ಹಿಂದಿನಿಂದ, 23ನೆಯ ಸಾಲಿನಿಂದ, ಓದಲು ಆರಂಭಿಸಿ ನೋಡಿ. ಸಾಯುತ್ತಿರುವವನ ಶ್ವಾಸಕೋಶದಿಂದ ಗಾಡಿಯ ಪ್ರತಿ ಕುಲುಕಿಗೂ ಉಕ್ಕಿಬರುವ ರಕ್ತವನ್ನು ಕವಿ ಅಲ್ಲಿ ಎರಡು ಗುಣವಾಚಕಗಳಿಂದ ಹೇಳುತ್ತಾನೆ: ಅದು ಕ್ಯಾನ್ಸರಿನಂತೆ ಅಶ್ಲೀಲ, ಮೆಲುಕಿನಂತೆ ಕಹಿ. ಲ್ಯಾಟಿನ್ ಮಾತಿನಲ್ಲಿಯೂ ಗುಣವಾಚಕಗಳು ಎರಡೇ: ‘ಡುಲ್ಸೆ’ ಎಂದರೆ ಸಿಹಿ, ‘ಡೆಕೋರಮ್’ ಎಂದರೆ ಉಚಿತ, ಶೋಭಿಸುವಂಥದ್ದು. ಕಹಿ ಎಂಬುದು ಸಿಹಿಗೆ ಕೊಟ್ಟ ಉತ್ತರ. ಅಶ್ಲೀಲ ಎಂಬುದು ಔಚಿತ್ಯಕ್ಕೆ ಕೊಟ್ಟ ಉತ್ತರ. ಲ್ಯಾಟಿನ್ ಮಾತಿನ ಮೊದಲ ಭಾಗ ಶೀರ್ಷಿಕೆಯಲ್ಲಿಯೇ ಇರುವುದರಿಂದ ಅದು ಓದುಗನ ಕಿವಿಯಲ್ಲಿ ಆಗಲೇ ಇದೆ. ಹಾಗಾಗಿ ಅದು ಸುಳ್ಳೆಂದು ಕವಿ ಬಾಯಿಬಿಟ್ಟು ಹೇಳುವ ನಾಲ್ಕು ಸಾಲಿಗೆ ಮುಂಚೆಯೇ ಅದರ ಎರಡೂ ಪದಗಳು ಒಬ್ಬ ಮನುಷ್ಯನ ಬಾಯಿಯೊಳಗೆ ಮುರಿದುಬಿದ್ದಿರುತ್ತವೆ. ನೀವು ಭಾಷಣವೆಂದು ಕರೆಯುತ್ತಿರುವ ಭಾಗ, ನನ್ನ ದೃಷ್ಟಿಯಲ್ಲಿ, ಆಗಲೇ ಮುಗಿದ ವಾದದ ಮೇಲೆ ಒತ್ತಿದ ಮುದ್ರೆ.

ಇಷ್ಟು ಕಂಡ ಮೇಲೆ ಉಳಿದವು ತಾವಾಗಿ ತೆರೆದುಕೊಳ್ಳುತ್ತವೆ. 24ನೆಯ ಸಾಲು ‘ಮುಗ್ಧ ನಾಲಿಗೆಗಳ’ ಮೇಲಿನ ವಾಸಿಯಾಗದ ಹುಣ್ಣುಗಳನ್ನು ತರುತ್ತದೆ, ಅದರ ಮುಂದಿನ ಸಾಲಿನಲ್ಲಿಯೇ ‘ಹೇಳುವ’ ಕ್ರಿಯೆ ಬರುತ್ತದೆ. ಸಿಹಿಯನ್ನು ಸವಿಯುವುದು ನಾಲಿಗೆ, ಸುಳ್ಳನ್ನು ಹೇಳುವುದೂ ನಾಲಿಗೆ. ಆದರೆ ಇಲ್ಲಿ ಹೇಳಿದವನ ನಾಲಿಗೆ ಒಂದು, ಹುಣ್ಣಾದ ನಾಲಿಗೆ ಇನ್ನೊಬ್ಬನದು. ಮೆಲುಕು ಎಂಬ ಪದವಂತೂ ಕನ್ನಡದ ಓದುಗನಿಗೆ ಇಂಗ್ಲಿಷಿಗಿಂತ ಹೆಚ್ಚನ್ನು ಕೊಡುತ್ತದೆ ಎಂದು ನನಗೆ ತೋರುತ್ತದೆ. ನಾವು ಮೆಲುಕು ಹಾಕುವುದು ನೆನಪುಗಳನ್ನು, ಅದರಲ್ಲೂ ಸವಿನೆನಪುಗಳನ್ನು. ‘ನನ್ನ ಎಲ್ಲ ಕನಸುಗಳಲ್ಲಿ’ ಅದೇ ಸಾವನ್ನು ಮತ್ತೆ ಮತ್ತೆ ಕಾಣುವ ನಿರೂಪಕನೂ ಮೆಲುಕು ಹಾಕುತ್ತಿದ್ದಾನೆ, ಆದರೆ ಬಾಯಿಗೆ ಬರುವುದು ಕಹಿ. ಇದನ್ನು ಓವೆನ್‌ನ ಉದ್ದೇಶವೆಂದು ಬರೆಯಬೇಡಿ, ಕನ್ನಡದಲ್ಲಿ ಓದಿದಾಗ ದಕ್ಕುವ ಅರ್ಥವೆಂದು ಬರೆಯಿರಿ.

ಔಚಿತ್ಯದ ಮಾತು ಬಂದದ್ದರಿಂದ ಇನ್ನೊಂದು ವಿಷಯವನ್ನೂ ಹೇಳಬೇಕು. ‘ಡೆಕೋರಮ್’ ನೀತಿಯ ಪದವಾಗಿರುವಂತೆ ಕಾವ್ಯಶಾಸ್ತ್ರದ ಪದವೂ ಹೌದು. ವಸ್ತುವಿಗೆ ತಕ್ಕ ಶೈಲಿ ಇರಬೇಕು ಎಂಬ ನಿಯಮಕ್ಕೆ ಪಾಶ್ಚಾತ್ಯರು ಕೊಟ್ಟ ಹೆಸರು ಅದು, ನಮ್ಮವರು ಔಚಿತ್ಯವೆಂದು ಕರೆದದ್ದಕ್ಕೆ ಬಹಳ ಹತ್ತಿರವಾದದ್ದು. ಯುದ್ಧವನ್ನು ಹಾಡುವುದಕ್ಕೆ ವೀರರಸದ ಪದಗಳು ಉಚಿತವೆಂಬ ರೂಢಿಯಿತ್ತು. ಓವೆನ್ ಮೊದಲ ಸಾಲಿನಲ್ಲಿಯೇ ಗೋಣಿ ಹೊದ್ದ ಮುದಿ ಭಿಕ್ಷುಕರನ್ನೂ ಎರಡನೆಯದರಲ್ಲಿ ಕೆಮ್ಮುವ ಮುದುಕಿಯರನ್ನೂ ತಂದು ಆ ಔಚಿತ್ಯವನ್ನು ಬೇಕೆಂದೇ ಮುರಿಯುತ್ತಾನೆ, ಹುಣ್ಣು ಮತ್ತು ಕ್ಯಾನ್ಸರಿನವರೆಗೂ ಮುರಿಯುತ್ತಲೇ ಹೋಗುತ್ತಾನೆ. ಬೀಭತ್ಸವನ್ನು ಅವನು ಅಲಂಕಾರಕ್ಕಾಗಿ ತಂದಿಲ್ಲ. ‘ಉಚಿತ’ ಎಂಬ ಪದದೊಂದಿಗೆ ಜಗಳ ತೆಗೆಯುವುದಕ್ಕಾಗಿ ತಂದಿದ್ದಾನೆ.

ಎರಡನೆಯ ಉತ್ತರ

ನಿಂಬೆಯ ಸಂದೇಹವನ್ನು ಮೊದಲು ಮುಗಿಸಿಬಿಡೋಣ. ಅಲ್ಲಿರುವುದು ಸುಣ್ಣ, ಅದರಲ್ಲಿಯೂ ನೀರು ತಾಗಿದರೆ ಕುದಿಯುವ ಸುಟ್ಟ ಸುಣ್ಣ. ಮೈಗೆ ತಾಗಿದರೆ ಅದು ಚರ್ಮವನ್ನು, ಕಣ್ಣನ್ನು ಸುಡುತ್ತದೆ. ಹಾಗೆಯೇ ‘ಹೆಲ್ಮೆಟ್’ ಎಂದು ಬಂದಿರುವುದನ್ನು ಉಕ್ಕಿನ ಶಿರಸ್ತ್ರಾಣವೆಂದು ಅನುವಾದಿಸಬೇಡಿ. ರಾಸಾಯನಿಕದಲ್ಲಿ ಅದ್ದಿದ ಫ್ಲಾನೆಲ್ ಬಟ್ಟೆಯನ್ನು ಮುಸುಕಿನಂತೆ ಹೊಲಿದು, ಕಣ್ಣಿನ ಜಾಗದಲ್ಲಿ ಪಾರದರ್ಶಕ ಬಿಲ್ಲೆಗಳನ್ನು ಕೂರಿಸಿದ ಗ್ಯಾಸ್ ಮಾಸ್ಕನ್ನೂ ಆ ಕಾಲದ ಬ್ರಿಟಿಷ್ ಸೈನಿಕರು ಹೆಲ್ಮೆಟ್ ಎಂದೇ ಕರೆಯುತ್ತಿದ್ದರು. 13ನೆಯ ಸಾಲಿನ ‘ಮಂಜು ಕವಿದ ಗಾಜುಗಳು’ ಇವೇ. ಇದು ತಿಳಿಯದಿದ್ದರೆ ಆ ದೃಶ್ಯದಲ್ಲಿ ನಿರೂಪಕ ಎಲ್ಲಿ ನಿಂತು ನೋಡುತ್ತಿದ್ದಾನೆ ಎಂಬುದೇ ತಪ್ಪಿಹೋಗುತ್ತದೆ. ಅವನು ತನ್ನದೇ ಉಸಿರಿನಿಂದ ಮಬ್ಬಾದ ಬಿಲ್ಲೆಯ ಹಿಂದೆ ಸುರಕ್ಷಿತನಾಗಿದ್ದಾನೆ, ಸಾಯುವವನು ಬಿಲ್ಲೆಯ ಆಚೆಗಿದ್ದಾನೆ, ಕೈಚಾಚಲು ಆಗುವುದಿಲ್ಲ.

14ನೆಯ ಸಾಲಿನ ‘ಹಸಿರು ಸಮುದ್ರದಡಿಯಲ್ಲಿದ್ದಂತೆ’ ಎಂಬ ಉಪಮೆಗೂ ವಾಸ್ತವದ ತಳಹದಿಯಿದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಬಿಟ್ಟ ಕ್ಲೋರಿನ್ ಹಳದಿ ಬೆರೆತ ಹಸಿರು ಬಣ್ಣದ ಅನಿಲ. ಗಾಳಿಗಿಂತ ಭಾರವಾದ್ದರಿಂದ ಅದು ನೆಲಕ್ಕಂಟಿಕೊಂಡು ಹರಿದು ಕಂದಕಗಳೊಳಗೆ ಇಳಿಯುತ್ತಿತ್ತು. ಶ್ವಾಸಕೋಶದ ಒಳಪದರವನ್ನು ಅದು ಸುಟ್ಟಾಗ ಅಲ್ಲಿ ದ್ರವ ತುಂಬಿಕೊಳ್ಳುತ್ತದೆ. ಉಸಿರಾಡಲು ಜಾಗವಿಲ್ಲದೆ ಮನುಷ್ಯ ಒಣನೆಲದ ಮೇಲೆ ಮುಳುಗಿ ಸಾಯುತ್ತಾನೆ. ‘ಮುಳುಗುತ್ತಿರುವುದನ್ನು ಕಂಡೆ’ ಎಂಬ ಮಾತು ಹೊರಗಿನಿಂದ ನೋಡಿದರೆ ರೂಪಕ, ಆ ದೇಹದೊಳಗೆ ನಡೆಯುತ್ತಿರುವುದರ ದೃಷ್ಟಿಯಿಂದ ಯಥಾವತ್ ವರದಿ. ಅಲಂಕಾರ ಎಲ್ಲಿ ಮುಗಿಯಿತು, ವಸ್ತುಸ್ಥಿತಿ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದ ಈ ಜಾಗಕ್ಕೆ ನಿಮ್ಮ ಪ್ರಬಂಧದಲ್ಲಿ ಒಂದು ಇಡೀ ಪುಟ ಕೊಟ್ಟರೂ ಹೆಚ್ಚಾಗಲಿಕ್ಕಿಲ್ಲ.

8ನೆಯ ಸಾಲು ಎಲ್ಲ ಮುದ್ರಣಗಳಲ್ಲಿ ಒಂದೇ ರೀತಿ ಇಲ್ಲ ಎಂಬುದನ್ನೂ ಗಮನಿಸಿ. ಕೆಲವದರಲ್ಲಿ ಹಿಂದೆ ಮೆತ್ತಗೆ ಬೀಳುವ ಗ್ಯಾಸ್ ಷೆಲ್ಲುಗಳಿವೆ. ಇನ್ನು ಕೆಲವದರಲ್ಲಿ ದಣಿದು ಹಿಂದುಳಿದ ‘ಫೈವ್-ನೈನ್’ಗಳು, ಎಂದರೆ 5.9 ಇಂಚು ವ್ಯಾಸದ ಜರ್ಮನ್ ಷೆಲ್ಲುಗಳು, ಇವೆ. ಕವಿ ಬಿಟ್ಟುಹೋದ ಹಸ್ತಪ್ರತಿಗಳಲ್ಲಿಯೇ ಪಾಠಾಂತರಗಳಿದ್ದವು, ಕವಿತೆ ಅಚ್ಚಾದದ್ದು 1920ರಲ್ಲಿ, ಅವನು ಸತ್ತ ಮೇಲೆ. ಯಾವ ಪಾಠವನ್ನು ಬಳಸಿದ್ದೀರಿ ಎಂದು ಪ್ರಬಂಧದಲ್ಲಿ ಹೇಳಿಬಿಡಿ.

ಮೂರನೆಯ ಉತ್ತರ

‘ಡ್ರೌನಿಂಗ್’ ಎರಡು ಸಲ ಬಂದಿರುವುದು ಪದದ ಬಡತನದಿಂದಲ್ಲ. ಕವಿತೆಯ ಖಂಡಗಳನ್ನು ಎಣಿಸಿ ನೋಡಿ: 8 ಸಾಲು, 6 ಸಾಲು, 2 ಸಾಲು, 12 ಸಾಲು. ಮೊದಲ ಎರಡು ಸೇರಿದರೆ 14, ಉಳಿದೆರಡು ಸೇರಿದರೆ ಮತ್ತೆ 14. ಎಂದರೆ ಹದಿನಾಲ್ಕು ಸಾಲಿನ ಪದ್ಯರೂಪವಾದ ಸಾನೆಟ್ ಎರಡರ ಅಳತೆ. ಮೊದಲ ಹದಿನಾಲ್ಕು ಸಾಲು ಆ ದಿನ ನಡೆದದ್ದು. ಆಮೇಲಿನ ಹದಿನಾಲ್ಕು ಅದರ ನಂತರದ ಬದುಕು. ಆದರೆ ಪ್ರಾಸ ಈ ಗಡಿಯನ್ನು ಒಪ್ಪುವುದಿಲ್ಲ. 13 ಮತ್ತು 14ನೆಯ ಸಾಲುಗಳ ಪ್ರಾಸ ಅಲ್ಲಿಯೇ ಮುಗಿಯದೆ, ಖಾಲಿ ಜಾಗವನ್ನು ದಾಟಿ 15 ಮತ್ತು 16ನೆಯ ಸಾಲುಗಳಲ್ಲಿ ಪೂರ್ತಿಯಾಗುತ್ತದೆ. ಹಾಗೆ ದಾಟಿ ಬಂದು ಸೇರುವ ಪದ ಹೊಸದಾಗಿರದೆ ಅದೇ ಪದವಾಗಿರುತ್ತದೆ. ಆ ದಿನ ಮುಳುಗಿದವನು ಕನಸಿನಲ್ಲಿಯೂ ಮುಳುಗುತ್ತಲೇ ಇದ್ದಾನೆ. ನಿರೂಪಕನಿಗೆ ಬೇರೆ ಪ್ರಾಸವೇ ಒದಗುವುದಿಲ್ಲ.

ಕ್ರಿಯಾಪದದ ಕಾಲವನ್ನೂ ಜೊತೆಗಿಟ್ಟು ನೋಡಿ. 14ನೆಯ ಸಾಲಿನಲ್ಲಿ ‘ಕಂಡೆ’ ಎಂಬ ಭೂತಕಾಲವಿದೆ, 16ನೆಯದರಲ್ಲಿ ‘ನನ್ನ ಮೇಲೆ ಎರಗುತ್ತಾನೆ’ ಎಂಬ ವರ್ತಮಾನವಿದೆ. ಮೊದಲು ಕಂಡವನು ನಾನು. ಈಗ ಕ್ರಿಯೆ ಅವನ ಕೈಯಲ್ಲಿದೆ.

ಇನ್ನೊಂದು ಜಾಗವನ್ನು ಹತ್ತಿರದಿಂದ ತೋರಿಸಬೇಕೆನಿಸುತ್ತದೆ. 18ನೆಯ ಸಾಲಿನಲ್ಲಿ ಆ ಸೈನಿಕನನ್ನು ಗಾಡಿಯಲ್ಲಿ ‘ಮಲಗಿಸಿದೆವು’ ಎಂದಿಲ್ಲ, ‘ಎಸೆದೆವು’ ಎಂದಿದೆ. ಅನುವಾದ ಮಾಡುವಾಗ ಕೈ ತಾನಾಗಿ ಮೃದುವಾಗುತ್ತದೆ, ನನಗೂ ಆಗಿತ್ತು. ಆದರೆ ಆ ಒರಟುತನ ಅಲ್ಲಿ ಬೇಕು. ತೀರಾ ದಣಿದು, ಅರ್ಧ ಕುರುಡರೂ ಕಿವುಡರೂ ಆಗಿ ನಡೆಯುತ್ತಿದ್ದ ಆ ಜನಕ್ಕೆ ಇನ್ನೂ ಬದುಕಿದ್ದ ಗೆಳೆಯನನ್ನು ಎತ್ತಿ ಎಸೆಯುವಷ್ಟು ಶಕ್ತಿ ಮಾತ್ರ ಉಳಿದಿತ್ತು, ಮಲಗಿಸುವಷ್ಟು ಉಳಿದಿರಲಿಲ್ಲ. ನಿರೂಪಕ ‘ನಾವು’ ಎಂದು ತನ್ನನ್ನೂ ಆ ಕ್ರಿಯೆಯಲ್ಲಿ ಸೇರಿಸಿಕೊಂಡಿದ್ದಾನೆ.

ವಯಸ್ಸಿನ ಪದಗಳನ್ನು ಕ್ರಮವಾಗಿ ಬರೆದುಕೊಂಡರೆ ಇನ್ನೂ ಒಂದು ಎಳೆ ಸಿಗುತ್ತದೆ. ಆರಂಭದಲ್ಲಿ ಸೈನಿಕರು ಮುದುಕರಂತಿದ್ದಾರೆ. ಅನಿಲ ಬಂದಾಗ ಕೂಗುವವನು ಅವರನ್ನು ‘ಹುಡುಗರೇ’ ಎನ್ನುತ್ತಾನೆ. ಕೊನೆಯಲ್ಲಿ ಸುಳ್ಳನ್ನು ಕೇಳಿಸಿಕೊಳ್ಳುವವರು ‘ಮಕ್ಕಳು’. ಕವಿತೆ ಮುಂದೆ ಸಾಗಿದಂತೆ ವಯಸ್ಸು ಹಿಂದಕ್ಕೆ ಹೋಗುತ್ತದೆ, ಆ ಮುದುಕರಂಥವರನ್ನು ಸೈನ್ಯಕ್ಕೆ ಕಳಿಸಿದ ಮಾತು ಮೊದಲು ಕಿವಿಗೆ ಬಿದ್ದ ಗಳಿಗೆಯವರೆಗೂ.

ನಾಲ್ಕನೆಯ ಉತ್ತರ

ಲ್ಯಾಟಿನ್ ಸಾಲಿನ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಅದು ಪ್ರಾಚೀನ ರೋಮಿನ ಹೊರೇಸ್ ಕವಿಯ ‘ಓಡ್’ಗಳ ಮೂರನೆಯ ಪುಸ್ತಕದ ಎರಡನೆಯ ಪದ್ಯದಲ್ಲಿ ಬರುತ್ತದೆ. ಅದರ ಮರುಸಾಲು ‘ಓಡಿಹೋಗುವವನನ್ನೂ ಸಾವು ಬೆನ್ನಟ್ಟುತ್ತದೆ’ ಎನ್ನುತ್ತದೆ. ಅದೇ ಹೊರೇಸ್, ಕ್ರಿ.ಪೂ. 42ರ ಫಿಲಿಪ್ಪೈ ಕಾಳಗದಿಂದ ತಾನು ಗುರಾಣಿ ಬಿಟ್ಟು ಓಡಿಬಂದೆನೆಂದು ಇನ್ನೊಂದು ಪದ್ಯದಲ್ಲಿ ಹೇಳಿಕೊಂಡಿದ್ದಾನೆ. ಇಂಗ್ಲೆಂಡಿನ ಶಾಲೆಗಳಲ್ಲಿ ಉಳಿದುಕೊಂಡದ್ದು ಮಾತ್ರ ಆ ಒಂದು ಸಾಲು. ಓವೆನ್ 1917ರ ಅಕ್ಟೋಬರಿನಲ್ಲಿ, ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಯುದ್ಧಾಘಾತಕ್ಕೆ ಚಿಕಿತ್ಸೆ ಪಡೆಯುತ್ತಿದ್ದಾಗ, ತಾಯಿಗೆ ಬರೆದ ಪತ್ರದಲ್ಲಿ ಇದನ್ನು ‘ಗ್ಯಾಸ್ ಪದ್ಯ’ ಎಂದು ಕರೆದು, ಲ್ಯಾಟಿನ್ ಮಾತಿನ ಅರ್ಥವನ್ನೂ ಬಿಡಿಸಿ ಹೇಳಿ, ‘ಸಿಹಿಯಂತೆ! ಶೋಭೆಯಂತೆ!’ ಎಂಬರ್ಥದ ಉದ್ಗಾರ ತೆಗೆದಿದ್ದಾನೆ. ಎರಡು ಗುಣವಾಚಕಗಳ ಬಗ್ಗೆ ಮೊದಲ ಉತ್ತರದಲ್ಲಿ ಹೇಳಿರುವುದಕ್ಕೆ ಇದು ಒಳ್ಳೆಯ ಬೆಂಬಲ.

ಇಂಗ್ಲಿಷ್ ಓದುಗನ ಕಿವಿಯಲ್ಲಿ ಲ್ಯಾಟಿನ್ ಹೇಗೆ ಮೊಳಗುತ್ತಿತ್ತು ಎಂಬುದನ್ನು ಕನ್ನಡದವರಿಗೆ ವಿವರಿಸಲು, ನಮ್ಮ ವೀರಗಲ್ಲುಗಳ ಮೇಲೆ ಕಾಣುವ ‘ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ’ ಎಂಬ ಸಂಸ್ಕೃತ ಸಾಲನ್ನು ನೆನಪಿಸಬಹುದು: ಗೆದ್ದರೆ ಸಂಪತ್ತು, ಸತ್ತರೆ ಅಪ್ಸರೆ. ಪ್ರಾಚೀನ ಭಾಷೆ, ಬಿಗಿಯಾದ ಲಯ, ಪ್ರಶ್ನಿಸಲು ಬಾಯಿ ಬಾರದಂಥ ಗಾಂಭೀರ್ಯ ಎರಡರಲ್ಲೂ ಇದೆ. ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಿ. ವೀರಗಲ್ಲು ಸತ್ತವನ ಹೆಸರಿನಲ್ಲಿ ನಿಲ್ಲಿಸಿದ ಸ್ಮಾರಕ. ಓವೆನ್ ಸಿಟ್ಟಾಗಿರುವುದು ಇನ್ನೂ ಸಾಯದವರನ್ನು ಕರೆಯಲು ಆ ಮಾತನ್ನು ಬಳಸಿದವರ ಮೇಲೆ. ಒಂದು ಕರಡಿನಲ್ಲಿ ಅವನು ಕವಿತೆಯನ್ನು ಜೆಸ್ಸಿ ಪೋಪ್ ಎಂಬ ಕವಯಿತ್ರಿಗೆ ವ್ಯಂಗ್ಯವಾಗಿ ಅರ್ಪಿಸಿ ಆಮೇಲೆ ಹೊಡೆದುಹಾಕಿದ. ಯುದ್ಧವನ್ನು ಆಟಕ್ಕೆ ಹೋಲಿಸಿ, ಯಾರು ಬರುತ್ತೀರಿ ಎಂದು ಹುಡುಗರನ್ನು ಹುರಿದುಂಬಿಸುವ ಪದ್ಯಗಳನ್ನು ಆಕೆ ಬರೆಯುತ್ತಿದ್ದಳು. ಹೆಸರು ಹೋಗಿ 25ನೆಯ ಸಾಲಿನ ‘ಗೆಳೆಯಾ’ ಎಂಬ ಸಂಬೋಧನೆ ಮಾತ್ರ ಉಳಿದದ್ದರಿಂದ ಕವಿತೆಗೆ ಲಾಭವೇ ಆಯಿತು. ಬೊಟ್ಟು ಈಗ ಒಬ್ಬರ ಕಡೆಗಿಲ್ಲ, ಓದುವವರ ಕಡೆಗಿದೆ.

ಉದ್ಧರಣೆಗಳನ್ನು ಕನ್ನಡಕ್ಕೆ ತರುವಾಗ ವಾಕ್ಯರಚನೆ ನಿಮ್ಮನ್ನು ಸತಾಯಿಸಲಿದೆ. ಕೊನೆಯ 12 ಸಾಲು ಒಂದೇ ವಾಕ್ಯ: ‘ನೀನು ನಡೆದಿದ್ದರೆ, ನೋಡಿದ್ದರೆ, ಕೇಳಿದ್ದರೆ, ಹೇಳುತ್ತಿರಲಿಲ್ಲ’. ಷರತ್ತುಗಳನ್ನು ಮುಂದೆ ಪೇರಿಸಿ ಮುಖ್ಯಕ್ರಿಯೆಯನ್ನು ಕೊನೆಗೆ ತರುವುದು ಕನ್ನಡದ ಜಾಯಮಾನವೇ ಆದ್ದರಿಂದ ಅಷ್ಟರಮಟ್ಟಿಗೆ ಸಲೀಸು. ಆದರೆ ಸಹಜವಾಗಿ ಬರೆದರೆ ಲ್ಯಾಟಿನ್ ಮಾತು ‘ಎಂಬ ಹಳೆಯ ಸುಳ್ಳನ್ನು’ ಎಂದು ವಾಕ್ಯದ ನಡುವೆ ಸಿಕ್ಕಿಕೊಂಡು, ‘ಹೇಳುತ್ತಿರಲಿಲ್ಲ’ ಕೊನೆಗೆ ಬಂದು ಕೂರುತ್ತದೆ. ಮೂಲದಲ್ಲಿ ಕೊನೆಗೆ ಉಳಿಯುವುದು ಸುಳ್ಳೇ; 28ನೆಯ ಸಾಲು ಉಳಿದವುಗಳಿಗಿಂತ ಗಿಡ್ಡವಾಗಿರುವುದರಿಂದ ಅದು ಹೇಳಿ ಬಾಯಿ ಮುಚ್ಚಿದಂತಿದೆ. ನಾನಾದರೆ ಹೀಗೆ ಪಲ್ಲಟ ಮಾಡುತ್ತೇನೆ:

ಗೆಳೆಯಾ, ಇಷ್ಟು ಹುಮ್ಮಸ್ಸಿನಿಂದ ನೀನು ಹೇಳುತ್ತಿರಲಿಲ್ಲ
ಕೀರ್ತಿಗೆಂದು ಹಪಹಪಿಸುವ ಮಕ್ಕಳಿಗೆ
ಆ ಹಳೆಯ ಸುಳ್ಳು: ಡುಲ್ಸೆ ಎಟ್ ಡೆಕೋರಮ್ ಎಸ್ಟ್
ಪ್ರೊ ಪಾಟ್ರಿಯಾ ಮೋರಿ.

ಇಲ್ಲೊಂದು ಪೇಚಿದೆ. ಕನ್ನಡ ಲಿಪಿಯಲ್ಲಿ ಕೊನೆಯ ಪದ ಚರಂಡಿಯನ್ನು ನೆನಪಿಸುತ್ತದೆ, ಓದುಗ ನಗಬಾರದ ಕಡೆ ನಗುತ್ತಾನೆ. ಲ್ಯಾಟಿನ್‌ನಲ್ಲಿ ಆ ಒಕಾರ ಹ್ರಸ್ವವಾದ್ದರಿಂದ ‘ಮೊರಿ’ ಎಂದು ಬರೆದರೆ ಶಾಸ್ತ್ರಕ್ಕೂ ಸರಿ. ಆದರೆ ಇಂಗ್ಲಿಷ್ ಉಚ್ಚಾರದಲ್ಲಿ 26ನೆಯ ಸಾಲಿನ ಕೊನೆಯ ‘ಗ್ಲೋರಿ’ (ಕೀರ್ತಿ) ಎಂಬುದರೊಂದಿಗೆ ಅದು ಕಟ್ಟುವ ಪ್ರಾಸ ಸಡಿಲವಾಗುತ್ತದೆ.

ಐದನೆಯ ಉತ್ತರ

ಮೇಲಿನವರ ಓದನ್ನು ಒಪ್ಪುತ್ತಲೇ ಒಂದು ಎಚ್ಚರಿಕೆ ಹೇಳಬೇಕು. ‘ಯುದ್ಧವಿರೋಧಿ ಕವಿತೆ’ ಎಂಬ ಹಣೆಪಟ್ಟಿಯನ್ನು ಮೊದಲ ವಾಕ್ಯದಲ್ಲಿಯೇ ಅಂಟಿಸಬೇಡಿ. ಕವಿತೆ ನೇರವಾಗಿ ಎದುರು ಹಾಕಿಕೊಳ್ಳುವುದು ಯುದ್ಧದ ಬಗೆಗಿನ ಒಂದು ಮಾತನ್ನು. ಯುದ್ಧ ಏಕೆ ನಡೆಯಿತು, ನಿಲ್ಲಿಸಬೇಕೇ, ಶತ್ರು ಯಾರು ಎಂಬ ಬಗ್ಗೆ ಇದರಲ್ಲಿ ಒಂದಕ್ಷರವೂ ಇಲ್ಲ. ಜರ್ಮನ್ ಎಂಬ ಪದವೂ ಬರುವುದಿಲ್ಲ. ಇದನ್ನು ಬರೆದವನು 1918ರಲ್ಲಿ ಮತ್ತೆ ಫ್ರಾನ್ಸಿಗೆ ಹೋದ, ಅಕ್ಟೋಬರಿನ ಕಾಳಗದಲ್ಲಿ ತೋರಿದ ಧೈರ್ಯಕ್ಕಾಗಿ ಅವನಿಗೆ ಮಿಲಿಟರಿ ಕ್ರಾಸ್ ಎಂಬ ಶೌರ್ಯಪದಕ ಬಂತು, ನವೆಂಬರ್ 4ರಂದು ಸಾಂಬ್ರ್–ಉವಾಜ್ ಕಾಲುವೆಯ ದಡದಲ್ಲಿ 25ನೆಯ ವಯಸ್ಸಿನಲ್ಲಿ ಸತ್ತ. ಕದನವಿರಾಮಕ್ಕೆ ಒಂದು ವಾರ ಬಾಕಿಯಿತ್ತು. ಜೀವನವನ್ನು ತಂದು ಕವಿತೆಯ ಬಾಯಿ ಮುಚ್ಚಿಸಬೇಕೆಂದು ಇದನ್ನು ಹೇಳುತ್ತಿಲ್ಲ. ಅವನ ಬದುಕೂ ಕವಿತೆಯೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಸೈನಿಕರ ಜೊತೆ ನಿಲ್ಲುವುದು ಅವನಿಗೆ ಸಾಧ್ಯವಿತ್ತು, ಅವರ ಸಾವನ್ನು ಸಿಹಿ ಎನ್ನುವುದು ಸಾಧ್ಯವಿರಲಿಲ್ಲ. ತನ್ನ ಕವನಸಂಗ್ರಹಕ್ಕೆಂದು ಬರೆದ ಮುನ್ನುಡಿಯ ಕರಡಿನಲ್ಲಿ ತನ್ನ ವಸ್ತು ಯುದ್ಧ ಮತ್ತು ಯುದ್ಧದ ಕರುಣೆ ಎಂದಿದ್ದಾನೆ. ಆದರೂ ಈ ಕವಿತೆಯಲ್ಲಿ ಕರುಣಕ್ಕಿಂತ ಬೀಭತ್ಸವೂ ಸಿಟ್ಟೂ ಮುಂದಿವೆ, ಹಾಗೆಂದು ಬರೆಯಲು ಹಿಂಜರಿಯಬೇಡಿ.

ಎರಡನೆಯ ಸಾಲಿನ ಮುದುಕಿಯರ ಉಪಮೆಯ ಬಗ್ಗೆ ಮಾತ್ರ ನನ್ನ ತಕರಾರಿದೆ. ಸೈನಿಕರ ದುರ್ಗತಿಯನ್ನು ಹೇಳಲು ಹೆಣ್ಣಿನ ಮುದಿತನವನ್ನು ಅಪಮಾನದ ಅಳತೆಗೋಲಾಗಿ ಬಳಸಿರುವುದು ಆ ಕಾಲದ ರೂಢಿಯೇ ಇರಬಹುದು, ಆದರೆ ರೂಢಿಯ ಪದಗಳ ಮೇಲೆ ಯುದ್ಧ ಹೂಡಿದ ಕವಿ ಇಲ್ಲಿ ರೂಢಿಗೆ ಶರಣಾಗಿದ್ದಾನೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿಂಬೆಯನ್ನು ತೆಗೆದು ಸುಣ್ಣವನ್ನು ಹಾಕಿದ್ದೇನೆ. ಮಾರ್ಗದರ್ಶಕರು ಅದನ್ನು ಗಮನಿಸದೇ ಇದ್ದದ್ದು ನನ್ನ ಪುಣ್ಯ. ಹೊಸ ಕರಡು ಈಗ 23ನೆಯ ಸಾಲಿನಿಂದ ಆರಂಭವಾಗುತ್ತದೆ. ಮೊದಲ ಪ್ಯಾರಾದ ಒಂದು ಭಾಗ ಹೀಗಿದೆ: ‘ಸಾವು ಸಿಹಿ ಎಂಬ ಮಾತಿಗೆ ಓವೆನ್ ತರ್ಕದಿಂದ ಉತ್ತರ ಕೊಡುವುದಿಲ್ಲ, ರುಚಿಯಿಂದ ಕೊಡುತ್ತಾನೆ. ಆ ರುಚಿ ಸಾಯುತ್ತಿರುವವನ ಬಾಯಲ್ಲಿದೆ. ಹೇಳುವವನ ನಾಲಿಗೆಗೆ ಅದು ತಾಗಿಲ್ಲ, ತಾಗಿದ್ದರೆ ಅವನು ಹೇಳುತ್ತಿರಲಿಲ್ಲ ಎಂಬುದೇ ಕೊನೆಯ ಹನ್ನೆರಡು ಸಾಲಿನ ವಾಕ್ಯರಚನೆ.’ ಕೊನೆಯ ಸಾಲುಗಳನ್ನು ದೋಷವೆಂದು ಬರೆಯುವ ಯೋಚನೆ ಬಿಟ್ಟಿದ್ದೇನೆ. ಆದರೂ ‘ಸುಳ್ಳು’ ಎಂಬ ಪದ ಇಲ್ಲದೆ, ಬರಿಯ ಲ್ಯಾಟಿನ್ ಸಾಲಷ್ಟೇ ಅಲ್ಲಿದ್ದಿದ್ದರೆ ಸಾಕಾಗುತ್ತಿತ್ತೇ ಎಂಬ ಪ್ರಶ್ನೆಯನ್ನು ಪ್ರಬಂಧದಲ್ಲಿ ಹಾಗೆಯೇ ಉಳಿಸಿಕೊಂಡಿದ್ದೇನೆ. ಮುದುಕಿಯರ ಉಪಮೆಯ ತಕರಾರನ್ನೂ ಸೇರಿಸುತ್ತೇನೆ. ಕೊನೆಯ ಪದವನ್ನು ‘ಮೊರಿ’ ಎಂದೇ ಬರೆಯುತ್ತೇನೆ. ಪ್ರಾಸ ಸ್ವಲ್ಪ ಸಡಿಲವಾದರೂ ಚಿಂತೆಯಿಲ್ಲ.